ಸಾಮಾಜಿಕ ವಿಘಟನೆ ಮತ್ತು ಕುಟುಂಬ: ಸಂಶೋಧನೆಗಳ ಒಂದು ಪುನರವಲೋಕನ

ಸಾಮಾಜಿಕ ವಿಘಟನೆಯು ಕುಟುಂಬಜೀವನದ ಮೇಲೆ ಬೀರುವ ಪರಿಣಾಮವನ್ನು ಕುರಿತ ಸಂಶೋಧನೆಗೆ ಒಂದು ಶತಮಾನಕ್ಕೂ ಮಿಗಿಲಾದ ಇತಿಹಾಸವಿದೆ. ಇಲ್ಲಿ ಸಾಮಗ್ರಿಯ ಕೊರತೆಯಿಲ್ಲ, ಪರಿಕಲ್ಪನೆಯ ಗೊಂದಲವಿದೆ. ಕುಟುಂಬದ ಒಡೆತವು ವಿಘಟನೆಯ ಫಲವೋ, ಕಾರಣವೋ, ಅಥವಾ ಅದರ ಇನ್ನೊಂದು ಹೆಸರೋ ಎಂಬ ಪ್ರಶ್ನೆ ಇತ್ಯರ್ಥವಾಗದೆಯೇ ಅಧ್ಯಯನಗಳು ಬೆಳೆದಿವೆ. ಕೆಲವು ಮುಖ್ಯ ಕೃತಿಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಥಾಮಸ್ ಮತ್ತು ಜ್ನಾನಿಯೆಟ್ಸ್ಕಿ ಅವರ ‘ದಿ ಪೋಲಿಷ್ ಪೆಸೆಂಟ್ ಇನ್ ಯೂರೋಪ್ ಅಂಡ್ ಅಮೆರಿಕ’ (1918–20) ಈ ಕ್ಷೇತ್ರದ ಮೂಲಗ್ರಂಥ. ಗುಂಪಿನ ನಿಯಮಗಳು ಸದಸ್ಯರ ಮೇಲಿನ ಹಿಡಿತವನ್ನು ಕಳೆದುಕೊಳ್ಳುವುದೇ ವಿಘಟನೆಯೆಂದು ಅವರು ನಿರೂಪಿಸಿದರು. ಊರಿನಲ್ಲುಳಿದವರಿಗೂ ಅಮೆರಿಕಕ್ಕೆ ಹೋದವರಿಗೂ ನಡುವಣ ಪತ್ರವ್ಯವಹಾರ ಅವರ ಪ್ರಮುಖ ಆಕರಗಳಲ್ಲೊಂದು. ವಿಘಟನೆಯನ್ನು ಪುನರ್ಘಟನೆಯು ಹಿಂಬಾಲಿಸುತ್ತದೆಂಬುದೂ ಅವರ ವಾದದ ಅಂಗವೇ. ಅನಂತರದ ಅನೇಕರು ಮೊದಲರ್ಧವನ್ನು ಉಳಿಸಿಕೊಂಡು ಎರಡನೆಯದನ್ನು ಬದಿಗಿರಿಸಿದರು.

ಶಿಕಾಗೊ ನಗರದ ಬಾಲಾಪರಾಧವನ್ನು ಅಭ್ಯಸಿಸಿದ ಶಾ ಮತ್ತು ಮೆಕೆ (1942) ಅವರ ಸಾಧನೆ ದೊಡ್ಡದು. ಕೆಲವು ಬಡಾವಣೆಗಳಲ್ಲಿ ನೆಲೆಸಿದ ವಲಸಿಗ ಜನಾಂಗಗಳು ಬದಲಾದರೂ ಅಪರಾಧದ ಪ್ರಮಾಣ ಇಳಿಯಲಿಲ್ಲವೆಂದು ತೋರಿಸಿ, ಅವರು ದೋಷವನ್ನು ಜನಾಂಗದ ಮೇಲಿಂದ ಇಳಿಸಿ ಪರಿಸರದಲ್ಲಿ ಗುರುತಿಸಿದರು. ಸ್ಯಾಂಪ್ಸನ್ ಮತ್ತು ಗ್ರೋವ್ಸ್ (1989) ಬ್ರಿಟನ್ನಿನ ಸಮೀಕ್ಷೆಯ ಅಂಕಿಅಂಶಗಳಿಂದ ಈ ಸಿದ್ಧಾಂತವನ್ನು ಪರೀಕ್ಷಿಸಿದಾಗ, ಬಡತನ, ಸ್ಥಳಾಂತರ ಮೊದಲಾದುವುಗಳೊಂದಿಗೆ ಕುಟುಂಬದ ಒಡೆತವನ್ನೂ ವಿಘಟನೆಯ ಕಾರಣಗಳಲ್ಲಿ ಸೇರಿಸಿದರು. ಪೋಲಿಷ್ ರೈತರ ಅಧ್ಯಯನದಲ್ಲಿ ಫಲವಾಗಿದ್ದುದು ಇಲ್ಲಿ ಕಾರಣವಾಯಿತು. ಸಂಬಂಧವು ಎರಡೂ ದಿಕ್ಕಿನದಾಗಿರುವುದು ಅಸಂಭವವಲ್ಲ. ಆದರೆ ಯಾವುದು ಮೊದಲೆಂಬುದನ್ನು ಒಂದೇ ಕಾಲಘಟ್ಟದ ಅಂಕಿಅಂಶಗಳಿಂದ ನಿರ್ಣಯಿಸಲಾಗದು.

ಈ ಗೊಂದಲದ ಪರಿಣಾಮ ವಿದ್ವತ್ತಿನ ವಲಯಕ್ಕಷ್ಟೇ ಸೀಮಿತವಲ್ಲ. ಫ್ರೇಜಿಯರ್ (1939) ಅಮೆರಿಕದ ಕಪ್ಪುಜನರ ಕುಟುಂಬದ ಸಂಕಷ್ಟಕ್ಕೆ ಗುಲಾಮಗಿರಿ, ವಲಸೆ, ನಗರದ ಬಡತನಗಳಲ್ಲಿ ಕಾರಣ ಅರಸಿದರು. 1965ರ ಮೊಯ್ನಿಹಾನ್ ವರದಿಯು ನಿರುದ್ಯೋಗವನ್ನು ಗಮನಿಸಿಯೂ ಕುಟುಂಬದ ರಚನೆಯನ್ನೇ ಸಮಸ್ಯೆಯ ಕೇಂದ್ರದಲ್ಲಿರಿಸಿತು. ಇದಕ್ಕೆ ಪ್ರತಿಯಾಗಿ ಕ್ಯಾರೊಲ್ ಸ್ಟ್ಯಾಕ್ (1974), ‘ಒಡೆದ’ವೆನಿಸಿಕೊಂಡ ಮನೆಗಳ ನಡುವೆ ಹಣ, ಆಹಾರ, ಶಿಶುಪಾಲನೆಗಳ ಕೊಡುಕೊಳೆಯಿಂದ ಬೆಸೆದ ಬಂಧುಬಳಗವನ್ನು ಕಂಡರು. ಗಟ್ಮನ್ (1976) ಗುಲಾಮಗಿರಿಯ ಕಾಲದಲ್ಲೂ ಅನಂತರವೂ ತಂದೆತಾಯಿ ಇಬ್ಬರೂ ಇದ್ದ ಮನೆಗಳೇ ಹೆಚ್ಚಾಗಿದ್ದುವೆಂದು ದಾಖಲೆಗಳಿಂದ ತೋರಿಸಿದರು. ಬೇರೊಂದು ಬಗೆಯ ಘಟನೆಯನ್ನೇ ವಿಘಟನೆಯೆಂದು ಕರೆದದ್ದು ಹಿಂದಿನ ಸಂಶೋಧನೆಯ ಮೂಲದೋಷ.

ಭಾರತದಲ್ಲಿ ಇದೇ ಸಮಸ್ಯೆ ಅವಿಭಕ್ತ ಕುಟುಂಬದ ಅವನತಿಯ ಚರ್ಚೆಯಾಗಿ ಕಾಣಿಸಿಕೊಂಡಿತು. ಐಲೀನ್ ರಾಸ್ (1961) ಬೆಂಗಳೂರಿನ ಹಿಂದೂ ಕುಟುಂಬಗಳಲ್ಲಿ ಬದಲಾಗುತ್ತಿದ್ದ ಹಕ್ಕು, ಕರ್ತವ್ಯ, ಭಾವಸಂಬಂಧಗಳನ್ನು ಸೂಕ್ಷ್ಮವಾಗಿ ವಿವರಿಸಿದರು. ಆದರೆ ಅವರ ಗಮನ ಮಧ್ಯಮ ಮತ್ತು ಮೇಲ್ವರ್ಗಗಳಿಗೆ ಸೀಮಿತ. ಐ. ಪಿ. ದೇಸಾಯಿ (1964) ಗುಜರಾತಿನ ಮಹುವಾದಲ್ಲಿ, ಬೇರೆಬೇರೆ ವಾಸಿಸುವವರೂ ಆಸ್ತಿ ಮತ್ತು ಹೊಣೆಗಳಿಂದ ಕೂಡಿಕೊಂಡಿರುವುದನ್ನು ತೋರಿಸಿದರು. ಒಂದೇ ಮನೆಯಲ್ಲಿ ವಾಸಿಸುವ ಗುಂಪು ಬೇರೆ, ಕುಟುಂಬ ಬೇರೆ ಎಂಬ ಎ. ಎಂ. ಶಾ (1973) ಅವರ ವಿವೇಚನೆ ಈ ಚರ್ಚೆಗೆ ಖಚಿತತೆ ತಂದಿತು.

ಕನ್ನಡ ನುಡಿಯಲ್ಲಿ ಈ ವಿವೇಚನೆ ಸಹಜವಾಗಿಯೇ ಇದೆ: ಮನೆ, ಮನೆತನ, ಸಂಸಾರ, ಬಳಗಗಳು ಒಂದೇ ಅಲ್ಲ. ಅಳಿಯಸಂತಾನದಲ್ಲಿ ‘ಕುಟುಂಬ’ವೆಂದರೆ ತಾಯಿಯ ಕಡೆಯ ಸಂತತಿ. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆಯು ಅದರ ಶಾಖೆಗಳಾದ ಕವರುಗಳಿಗೆ ಪಾಲು ಕೇಳುವ ಹಕ್ಕನ್ನಿತ್ತಿತು. ಹಾಗೆ ಪಡೆದ ಪಾಲನ್ನು ವಿಘಟನೆಯೆನ್ನಬೇಕೆ, ಪುನರ್ಘಟನೆಯೆನ್ನಬೇಕೆ? ಮುಂಬಯಿಯ ಹೋಟೆಲುಗಳಲ್ಲಿ ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ಕರಾವಳಿಯ ಹುಡುಗರು ಊರಿನ ಮನೆಯಿಂದ ಹೊರಗಿದ್ದರು. ಅಷ್ಟರಿಂದಲೇ ಅವರು ಕುಟುಂಬದಿಂದ ಹೊರಗಾದರೆಂದು ತೀರ್ಮಾನಿಸಲಾಗದು. ಒಲೆಗಳನ್ನು ಎಣಿಸಿದರೆ ಸಾಲದು. ಹಣ, ಹೊಣೆ, ಆರೈಕೆಗಳು ಎಲ್ಲಿಂದ ಎಲ್ಲಿಗೆ ಹರಿದುವೆಂಬುದನ್ನೂ ಅರಿಯಬೇಕು. ಹೊರನಾಡಿನ ಸಂಶೋಧಕರು ವಲಸೆಯ ಮನೆಗಳ ಪತ್ರ, ಲೆಕ್ಕ, ಮೌಖಿಕ ನಿರೂಪಣೆಗಳನ್ನು ಎರಡು ಮೂರು ತಲೆಮಾರುಗಳವರೆಗೆ ಸಂಗ್ರಹಿಸಿದಲ್ಲಿ, ಕಾರಣ–ಫಲಗಳ ಈ ಗೊಂದಲವನ್ನು ಬಿಡಿಸಲು ಬೇಕಾದ ಆಧಾರ ದೊರೆತೀತು.