ಟ್ರಿಮ್‌ಗೆ ಸಿಕ್ಕ ಪುಕ್ಕಟೆ ಬಿರುದು

ಲಿನಕ್ಸ್ ಸರ್ವರ್‌ಗಳಲ್ಲಿ ಖಾಲಿಯಾದ ಜಾಗವನ್ನು ಡ್ರೈವ್‌ಗೆ ತಿಳಿಸುವ ಟ್ರಿಮ್ ಆಜ್ಞೆಯ ಬೆಂಬಲ ಎಂದೋ ಪಕ್ವವಾಗಿದೆ ಎಂಬ ಮಾತನ್ನು ಯಾರೂ ಪ್ರಶ್ನಿಸುವುದಿಲ್ಲ. 2008ರಲ್ಲಿ ಕರ್ನಲ್‌ನ 2.6.28 ಆವೃತ್ತಿಯ ಬ್ಲಾಕ್ ಪದರಕ್ಕೆ ಟ್ರಿಮ್‌ನ ಕರ್ನಲ್ ರೂಪವಾದ ಡಿಸ್ಕಾರ್ಡ್ ಬಂತು, 2010ರಲ್ಲಿ 2.6.33 ಅದನ್ನು ಸಾಟಾ ಡ್ರೈವ್‌ಗಳಿಗೆ ಮುಟ್ಟಿಸಿತು, ಅಲ್ಲಿಗೆ ಕೆಲಸ ಮುಗಿಯಿತು ಎಂಬ ನಂಬಿಕೆ. ಈ ಬಿರುದನ್ನು ನಾನು ಒಪ್ಪುವುದಿಲ್ಲ.

ಫ್ಲ್ಯಾಶ್‌ಗೆ ಟ್ರಿಮ್ ಯಾಕೆ ಬೇಕೆಂದು ಮತ್ತೆ ಹೇಳಬೇಕಿಲ್ಲ. ನೋಡಬೇಕಾದದ್ದು ಕರ್ನಲ್ ಅದಕ್ಕೆ ತೊಡಿಸಿದ ಬರಹದ ವೇಷ. ಫೈಲ್ ಸಿಸ್ಟಂನಿಂದ ಹೊರಡುವಾಗ ಡಿಸ್ಕಾರ್ಡ್ ಬಳಿ ಒಂದು ವಿಳಾಸ, ಒಂದು ಉದ್ದ, ಇಷ್ಟೇ. ಆದರೆ ಸಾಟಾ ಡ್ರೈವ್ ಬರಿಗೈಯವರನ್ನು ಒಳಗೆ ಬಿಡುವುದಿಲ್ಲ. ಅದಕ್ಕೆ 512 ಬೈಟ್‌ಗಳ ಪಟ್ಟಿ ಬೇಕು: ತಲಾ 8 ಬೈಟ್‌ಗಳ 64 ನಮೂದು, ಪ್ರತಿಯೊಂದರಲ್ಲೂ 48 ಬಿಟ್ ವಿಳಾಸ, 16 ಬಿಟ್ ಉದ್ದ. ಹಾಗಾಗಿ ಸಾಟಾ ಕೋರಿಕೆಗಳೂ ಹಾದುಹೋಗುವ ಸ್ಕಸಿ ಪದರ ನಡುದಾರಿಯಲ್ಲಿ ಡಿಸ್ಕಾರ್ಡ್‌ನ ಕೈಗೆ ಆ ಪಟ್ಟಿಗೆಂದು ಒಂದು ಪುಟ ಕೊಟ್ಟು ಕಳಿಸುತ್ತಿತ್ತು. 3.14ರಲ್ಲಿ ಬಂದ ಹೊಸ ಬಯೋ ಸ್ಪ್ಲಿಟ್ ಒಂದು ಕೋರಿಕೆಯನ್ನು ಸೀಳಿದರೆ ಎರಡೂ ತುಂಡುಗಳು ಒಂದೇ ವೆಕ್ಟರ್ (ಕೋರಿಕೆಯ ಪುಟಗಳ ಪಟ್ಟಿ) ಹಂಚಿಕೊಳ್ಳುತ್ತಿದ್ದವು. ಓದುಬರಹದ ಕೋರಿಕೆಗಳಿಗೆ ಇದರಿಂದ ತೊಂದರೆಯಿಲ್ಲ, ಅಲ್ಲಿ ವೆಕ್ಟರ್ ಬದಲಾಗುವುದೇ ಇಲ್ಲ. ಡಿಸ್ಕಾರ್ಡ್‌ನದು ದಾರಿಯಲ್ಲೇ ಆ ಪುಟ ಸೇರಿ ಬದಲಾಗುತ್ತಿತ್ತು. ರೇಡ್ 0, ರೇಡ್ 10ರಲ್ಲಿ ಟ್ರಿಮ್ ಸೀಳಿದಾಗ ಒಂದೇ ಸ್ಲೇಟಿನ ಮೇಲೆ ಇಬ್ಬರು ಲೆಕ್ಕ ಬರೆದಂತಾಯಿತು; ಬಳಕೆಯಲ್ಲಿದ್ದ ದತ್ತಾಂಶವೇ ಹಾಳಾಯಿತು. 2015ರಲ್ಲಿ ಮಾರ್ಟಿನ್ ಪೀಟರ್ಸನ್ ಹಾಕಿದ ತೇಪೆ ಸರಳ: ಡಿಸ್ಕಾರ್ಡ್ ಸೀಳುವಾಗ ಪೂರ್ತಿ ನಕಲು ಮಾಡು. ಬರಹದ ಸಾಲಿನಲ್ಲಿ ನಿಲ್ಲಿಸಿದ್ದ ಕೋರಿಕೆ ಬರಹದಂತೆ ನಡೆದುಕೊಳ್ಳುವುದಿಲ್ಲ ಎಂಬುದನ್ನು ಅದು ತಡವಾಗಿ ಒಪ್ಪಿಕೊಂಡಿತು.

ಆದರೆ ಅಂದಿನ ವಿಮರ್ಶಕರು ಕಲಿತ ಪಾಠ ಬೇರೆ. ಅದೇ ವರ್ಷ ಜೂನ್‌ನಲ್ಲಿ ಆಲ್ಗೋಲಿಯಾ ಸಂಸ್ಥೆ ತನ್ನ ಸರ್ವರ್‌ಗಳ ಫೈಲುಗಳು ಕೆಟ್ಟದ್ದಕ್ಕೆ ಸ್ಯಾಮ್‌ಸಂಗ್ ಡ್ರೈವ್‌ಗಳತ್ತ ಬೆರಳು ತೋರಿಸಿತು. ಹಿಂದೆಯೇ ಗುಂಪೂ ಕೂಗಿತು. ದೋಷ ಕರ್ನಲ್‌ನಲ್ಲಿದೆ ಎಂದು ಬೆನ್ನುಹತ್ತಿ ಹುಡುಕಿದವರು ಸ್ಯಾಮ್‌ಸಂಗ್‌ನ ಎಂಜಿನಿಯರುಗಳೇ. ಆಮೇಲೂ ಕೆಲವರು ಕರ್ನಲ್‌ನ ಕಪ್ಪುಪಟ್ಟಿ ತೋರಿಸಿ ವಾದಿಸುತ್ತಾರೆ. ಆ ಪಟ್ಟಿ ನಿಜ, ಅದರಲ್ಲಿ ಸ್ಯಾಮ್‌ಸಂಗ್ 8 ಸರಣಿಯೂ ಇದೆ. ಆದರೆ ಅದು ಸರದಿ ಟ್ರಿಮ್, ಅಂದರೆ ಓದುಬರಹದ ಕೋರಿಕೆಗಳ ಸಾಲಿನಲ್ಲೇ ಹೋಗುವ ಟ್ರಿಮ್, ಕುರಿತದ್ದು. ಆಲ್ಗೋಲಿಯಾದಲ್ಲಿ ಓಡುತ್ತಿದ್ದದ್ದು ಸರದಿಯಿಲ್ಲದ ಹಳೆಯ ಟ್ರಿಮ್. ಎರಡನ್ನೂ ಒಂದೇ ಮೂಟೆಗೆ ಕಟ್ಟುವವರು ಫರ್ಮ್‌ವೇರ್‌ಗೆ ಬೈದು ಕರ್ನಲ್‌ಗೆ ಪುಕ್ಕಟೆ ಖುಲಾಸೆ ಕೊಡುತ್ತಾರೆ.

ಹೊಗಳಬೇಕಾದದ್ದೂ ಇದೆ: ಎಫ್‌ಎಸ್‌ಟ್ರಿಮ್. ವಾರಕ್ಕೊಮ್ಮೆ ಖಾಲಿ ಜಾಗವನ್ನೆಲ್ಲ ಒಟ್ಟಿಗೆ ಹೇಳಿ ಮುಗಿಸುವ ಈ ಪದ್ಧತಿ, ಅಳಿಸಿದಾಗಲೆಲ್ಲ ಡ್ರೈವ್‌ನ ಬಾಗಿಲು ತಟ್ಟುವ ಡಿಸ್ಕಾರ್ಡ್ ಮೌಂಟ್‌ಗಿಂತ ಎಷ್ಟೋ ವಿವೇಕದ್ದು. ರೆಡ್ ಹ್ಯಾಟ್ ಶಿಫಾರಸು ಮಾಡುವುದೂ ಇದನ್ನೇ.

ಆದರೂ ರೇಡ್ 5, ರೇಡ್ 6ರಲ್ಲಿ ಕರ್ನಲ್ ಡಿಸ್ಕಾರ್ಡನ್ನು ಪೂರ್ವನಿಯೋಜಿತವಾಗಿ ಮುಚ್ಚಿಟ್ಟಿರುತ್ತದೆ. ಟ್ರಿಮ್ ಆದ ಜಾಗ ಓದಿದಾಗ ಸೊನ್ನೆಯೇ ಬರುತ್ತದೆಂಬ ಖಾತ್ರಿ ಇಲ್ಲದಿದ್ದರೆ ಪ್ಯಾರಿಟಿ ಲೆಕ್ಕ ತಪ್ಪುತ್ತದೆ; ಆ ಹೊಣೆಯನ್ನು ಒಂದು ಮಾಡ್ಯೂಲ್ ಸ್ವಿಚ್ಚಿನ ಮೂಲಕ ನಿರ್ವಾಹಕನ ತಲೆಗೇ ಕಟ್ಟಲಾಗಿದೆ. ತಾನೇ ನಂಬದ ಬೆಂಬಲಕ್ಕೆ ಕರ್ನಲ್ 'ಪಕ್ವ' ಎಂಬ ಬಿರುದು ಕೇಳಿಲ್ಲ. ಕೊಟ್ಟವರು ನಾವು, ವಾಪಸು ಪಡೆಯಬೇಕಾದವರೂ ನಾವೇ.