ತಾಯಿಗಿಲ್ಲದ ಮೌನದ ಹಕ್ಕು

ಮಗನ ಮೇಲೆ ಕೇಸು ಬಿದ್ದ ಮನೆಯಲ್ಲಿ ಪೊಲೀಸರು ಮೊದಲು ಕೇಳುವುದು ತಾಯಿಯನ್ನೇ. "ಎಲ್ಲಮ್ಮಾ ನಿನ್ನ ಮಗ? ರಾತ್ರಿ ಎಷ್ಟು ಹೊತ್ತಿಗೆ ಬಂದ?" ಬಾಗಿಲ ಚೌಕಟ್ಟು ಹಿಡಿದು ನಿಂತ ಆಕೆ ಬಾಯಿ ಬಿಡಲೇಬೇಕೆ? ಬಿಡಲೇಬೇಕು ಎನ್ನುತ್ತದೆ ನಮ್ಮ ಕಾನೂನು.

ಸಂವಿಧಾನದ 20(3)ನೇ ವಿಧಿ ಆರೋಪಿಗೆ ತನ್ನ ವಿರುದ್ಧ ತಾನೇ ಸಾಕ್ಷಿಯಾಗದಿರುವ ರಕ್ಷಣೆ ಕೊಟ್ಟಿದೆ. ಹೆತ್ತವಳಿಗೆ ಅದರಲ್ಲಿ ಪಾಲಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 180ನೇ ಸೆಕ್ಷನ್ ಪ್ರಕಾರ, ಸಂಗತಿ ಬಲ್ಲವರು ತನಿಖಾಧಿಕಾರಿ ಕೇಳಿದ್ದಕ್ಕೆ ನಿಜ ಹೇಳಬೇಕು. ತಮ್ಮನ್ನೇ ಕೇಸಿಗೆ ಸಿಕ್ಕಿಸುವ ಉತ್ತರವನ್ನು ಮಾತ್ರ ಕೊಡಬೇಕಿಲ್ಲ.

ಬಂಧುಬಳಗದಲ್ಲಿ ಕಾನೂನು ಬೇರೆಯಾಗಿ ಕಂಡಿರುವುದು ಗಂಡ ಹೆಂಡಿರನ್ನಷ್ಟೇ. 1872ರ ಸಾಕ್ಷ್ಯ ಕಾಯ್ದೆಯ 122ನೇ ಸೆಕ್ಷನ್ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 128 ಆಗಿದೆ; ಸಾರ ಬದಲಾಗಿಲ್ಲ. ದಾಂಪತ್ಯದಲ್ಲಿ ಒಬ್ಬರು ಇನ್ನೊಬ್ಬರಿಗೆ ಹೇಳಿದ್ದನ್ನು ಹೊರಹಾಕುವಂತೆ ಬಲವಂತ ಮಾಡುವಂತಿಲ್ಲ. ಒಬ್ಬರ ಮೇಲೊಬ್ಬರು ಅಪರಾಧ ಎಸಗಿದ್ದರೆ ಈ ಮರೆ ಇಲ್ಲ, ಅದು ಸರಿಯೇ. ಆದರೆ ಹೇಳಿದ ಮಾತಿಗಿರುವ ರಕ್ಷಣೆ ಕಣ್ಣಾರೆ ಕಂಡದ್ದಕ್ಕಿಲ್ಲ. 1954ರ ರಾಮ್ ಭರೋಸೆ ಪ್ರಕರಣ ನೋಡಿ. ಇನ್ನೂ ಕತ್ತಲಿರುವಾಗ ಗಂಡ ಮಾಳಿಗೆಯಿಂದ ಇಳಿದ, ಹೊಟ್ಟಿನ ಕೋಣೆಗೆ ಹೋದ, ಸ್ನಾನ ಮಾಡಿ ಧೋತಿಯನ್ನು ಮತ್ತೆ ಉಟ್ಟ. ಇಷ್ಟನ್ನು ಹೆಂಡತಿಯ ಬಾಯಿಂದ ಸುಪ್ರೀಂ ಕೋರ್ಟ್ ಸ್ವೀಕರಿಸಿತು; ಒಡವೆಯ ಬಗ್ಗೆ ಅವನು ಅವಳಿಗೆ ಹೇಳಿದ್ದನ್ನು ಹೊರಗಿಟ್ಟಿತು. ಒಂದೇ ಮನೆ, ಒಂದೇ ಬೆಳಗಿನ ಜಾವ. ಕಿವಿಗೆ ಬಿದ್ದದ್ದು ಗುಟ್ಟು, ಕಣ್ಣಿಗೆ ಬಿದ್ದದ್ದು ಸಾಕ್ಷ್ಯ. ತರ್ಕಕ್ಕೆ ಇದು ನಿಲ್ಲುತ್ತದೆ, ಸಂಸಾರಕ್ಕೆ ನಿಲ್ಲುವುದಿಲ್ಲ.

ಅದಕ್ಕಿಂತ ದೊಡ್ಡ ಕೊರತೆ ತಾಯಿಯದು. ತಪ್ಪಿಸಿಕೊಂಡ ಗಂಡನನ್ನು ಅಡಗಿಸಿಟ್ಟ ಹೆಂಡತಿಗೆ ಭಾರತೀಯ ನ್ಯಾಯ ಸಂಹಿತೆಯ 249ನೇ ಸೆಕ್ಷನ್ನಿನಲ್ಲಿ ವಿನಾಯಿತಿಯಿದೆ. ಮಗನಿಗೆ ಒಳಕೋಣೆಯಲ್ಲಿ ಚಾಪೆ ಹಾಸಿಕೊಟ್ಟ ತಾಯಿಗೆ ಇಲ್ಲ. ಹೆತ್ತವಳ ಮುಂದೆ ಸುಳ್ಳು ಅಥವಾ ದ್ರೋಹ ಎಂಬ ಎರಡೇ ದಾರಿ ಉಳಿಸಿ, ಆಮೇಲೆ ಆಕೆ ಕಟಕಟೆಯಲ್ಲಿ ಪ್ರತಿಕೂಲ ಸಾಕ್ಷಿಯಾದಳೆಂದು ದೂರುವುದು ಅನ್ಯಾಯ.

ಜರ್ಮನಿಯ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 52ನೇ ಸೆಕ್ಷನ್ ಹೆತ್ತವರಿಗೆ, ಮಕ್ಕಳಿಗೆ, ಒಡಹುಟ್ಟಿದವರಿಗೆ, ಮದುವೆ ನಿಶ್ಚಯವಾದವರಿಗೂ ಸಾಕ್ಷ್ಯ ನಿರಾಕರಿಸುವ ಹಕ್ಕು ಕೊಡುತ್ತದೆ. ವಿಚಾರಿಸುವ ಮೊದಲು ಅದನ್ನು ಅವರಿಗೆ ತಿಳಿಸಲೂಬೇಕು. ಮನೆಯೊಳಗಿನ ಹಿಂಸೆಗೆ ಮನೆಯವರೇ ಸಾಕ್ಷಿ, ಅವರೂ ಸುಮ್ಮನಾದರೆ ಗತಿಯೇನು ಎಂಬ ಆಕ್ಷೇಪ ಹಗುರವಾದುದಲ್ಲ. ಆದರೆ ಹಕ್ಕೆಂದರೆ ನಿಷೇಧವಲ್ಲ, ಹೇಳಬೇಕೆನಿಸಿದವರು ಹೇಳಬಹುದು. ಸಾಕ್ಷ್ಯ ಅಧಿನಿಯಮ ಹೊಸದಾಗಿ ಬರೆದಾಗ ಇದನ್ನು ಸೇರಿಸದೆ ಬಿಟ್ಟದ್ದು ದೊಡ್ಡ ಲೋಪ.

ತಿದ್ದುಪಡಿ ಬರುವವರೆಗೆ ಇಷ್ಟನ್ನಾದರೂ ತಿಳಿದಿರಿ. ಹೇಳಿಕೆ ಪಡೆಯಲು ಹೆಂಗಸರನ್ನು, 60 ದಾಟಿದವರನ್ನು, 15ರೊಳಗಿನ ಹುಡುಗರನ್ನು ಅವರ ಇಷ್ಟಕ್ಕೆ ವಿರುದ್ಧವಾಗಿ ಠಾಣೆಗೆ ಕರೆಸುವಂತಿಲ್ಲ. ಪೊಲೀಸರೇ ಅವರ ಮನೆಗೆ ಬರಬೇಕು. ಬರೆದುಕೊಂಡ ಹೇಳಿಕೆಗೆ ಸಹಿ ಹಾಕಬೇಕಾಗಿಲ್ಲ.