ಕಾಣದ ಹುಲಿಯ ಲೆಕ್ಕ

2023ರ ಏಪ್ರಿಲ್‌ನಲ್ಲಿ ಮೈಸೂರಿನಲ್ಲಿ ಪ್ರಧಾನಿ ಪ್ರಕಟಿಸಿದ ದೇಶದ ಹುಲಿಗಳ ಸಂಖ್ಯೆ 3,167. ಜುಲೈ 29ರಂದು ಹೊರಬಿದ್ದದ್ದು 3,682. ಆ ನಡುವೆ ಹುಲಿ ಹೆಚ್ಚಿರಲಿಲ್ಲ. ಮೊದಲನೆಯದು ಅಂದಾಜಿನ ಕನಿಷ್ಠ ಮಿತಿ, ಎರಡನೆಯದು ಸರಾಸರಿ. ಗರಿಷ್ಠ ಮಿತಿ 3,925. ಗಣತಿಯ ವಿಧಾನವನ್ನು ಅಳೆಯಲು ನಾನು ಮೊದಲು ನೋಡುವುದು ಈ ಅಂತರವನ್ನೇ. ಕಣ್ಣಿಗೆ ಬೀಳದ ಹುಲಿಗಳೆಷ್ಟು ಎಂಬ ಪ್ರಶ್ನೆಯನ್ನು ಆ ವಿಧಾನ ಕೇಳಿಕೊಂಡಿದೆಯೇ?

ಹಿಂದಿನ ಹೆಜ್ಜೆ ಗುರುತಿನ ಗಣತಿ ಅದನ್ನು ಕೇಳಿಕೊಳ್ಳಲೇ ಇಲ್ಲ. ಮರಳಲ್ಲಿ, ಕೆಸರಲ್ಲಿ, ಓಡುವಾಗ, ನಡೆಯುವಾಗ ಒಂದೇ ಹುಲಿಯ ಹೆಜ್ಜೆ ಬೇರೆ ಬೇರೆಯಾಗಿ ಮೂಡುತ್ತದೆ. ಅದಕ್ಕಿಂತ ದೊಡ್ಡ ದೋಷ, ಕಾಡಿನ ಪ್ರತಿ ಹುಲಿಯ ಗುರುತೂ ಸಿಕ್ಕಿದೆ ಎಂದು ನಂಬಿದ್ದು. ರಾಜಸ್ಥಾನದ ಸರಿಸ್ಕಾದಲ್ಲಿ ಕಡತದ ಹುಲಿಗಳು ಉಳಿದೇ ಇದ್ದವು, ಕಾಡಿನವು ಮುಗಿದಿದ್ದವು. ಅದು ಬಯಲಾದದ್ದು 2005ರಲ್ಲಿ.

ದಾರಿ ತೋರಿಸಿದ್ದು ನಮ್ಮ ನಾಗರಹೊಳೆ. ಅಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕ್ಯಾಮೆರಾ ಟ್ರ್ಯಾಪ್ ಚಿತ್ರಗಳಿಂದ ಹುಲಿಸಂಖ್ಯೆ ಅಂದಾಜಿಸುವ ವಿಧಾನವನ್ನು 1995ರಲ್ಲಿ ಪ್ರಕಟಿಸಿದರು. ಒಂದೊಂದು ಹುಲಿಯನ್ನೂ ಗುರುತಿಸುವುದು ಅದರ ಪಟ್ಟೆಯಿಂದ, ಆದರೆ ಎಡ ಮಗ್ಗುಲಿನ ಪಟ್ಟೆ ಬಲ ಮಗ್ಗುಲಿನಂತಿರುವುದಿಲ್ಲ. ಹಾಗಾಗಿ ಕಾಡುದಾರಿಯ ಎರಡೂ ಬದಿಗೆ ಎದುರುಬದುರು ಕ್ಯಾಮೆರಾ ಬೇಕು. ಮೊದಲ ಸುತ್ತಿನಲ್ಲಿ 20 ಹುಲಿ ಸಿಕ್ಕವು, ಎರಡನೆಯದರಲ್ಲೂ 20, ಅವುಗಳಲ್ಲಿ 10 ಹಳೆಯವು ಎನ್ನೋಣ. ಗುರುತಿನ ಹುಲಿಗಳಲ್ಲಿ ಅರ್ಧವಷ್ಟೇ ಮತ್ತೆ ಸಿಕ್ಕವೆಂದರೆ, ಪ್ರತಿ ಸುತ್ತಿನಲ್ಲೂ ಕಾಡಿನ ಅರ್ಧದಷ್ಟು ಹುಲಿ ತಪ್ಪಿಸಿಕೊಳ್ಳುತ್ತಿವೆ. ಅಲ್ಲಿಗೆ ಕಾಡಿನ ಒಟ್ಟು ಹುಲಿ ಸುಮಾರು 40. ಇಂದಿನ ಸೂತ್ರಗಳು ಇನ್ನೂ ಸೂಕ್ಷ್ಮ. ಯಾವ ಹುಲಿ ಯಾವ ಕ್ಯಾಮೆರಾಗೆ ಸಿಕ್ಕಿತು ಎಂಬುದನ್ನೂ ಗಣಿಸುತ್ತವೆ, ನೂರು ಚದರ ಕಿಲೋಮೀಟರಿಗೆ ಎಷ್ಟೆಂದು ಹೇಳುತ್ತವೆ. ಆದರೆ ಹೆಣ್ಣು ಹುಲಿಯೊಂದರ ಇಡೀ ನೆಲೆ ಹಿಡಿಯುವಷ್ಟು ಜಾಗ ಕ್ಯಾಮೆರಾಗಳ ನಡುವೆ ಖಾಲಿ ಉಳಿದರೆ ಸೂತ್ರವೂ ಕೈಕೊಡುತ್ತದೆ. ಸಮೀಕ್ಷೆ ತಿಂಗಳುಗಟ್ಟಲೆ ಎಳೆದರೂ ಅಷ್ಟೆ. ಆ ಹೊತ್ತಿಗೆ ಕೆಲವು ಸತ್ತಿರುತ್ತವೆ, ಕೆಲವು ಹೊಸದಾಗಿ ಬಂದಿರುತ್ತವೆ.

ದೇಶದ ಗಣತಿಯಲ್ಲಿ ತಕರಾರಿರುವುದು ಕ್ಯಾಮೆರಾ ಇಡದ ಕಾಡುಗಳ ಬಗ್ಗೆ. ಹೆಜ್ಜೆ, ಲದ್ದಿಯಂಥ ಕುರುಹುಗಳಿಗೂ ಕ್ಯಾಮೆರಾ ಅಂದಾಜಿಗೂ ಒಂದೆಡೆ ನಂಟು ಕಂಡುಕೊಂಡು ಅದನ್ನೇ ದೂರದ ಕಾಡಿಗೂ ಹಚ್ಚುವುದನ್ನು ಸಂಶೋಧಕರಾದ ಅರ್ಜುನ್ ಗೋಪಾಲಸ್ವಾಮಿ, ಮೋಹನ ದೇಲಂಪಾಡಿ, ಕಾರಂತ ಮೊದಲಾದವರು 2015ರಲ್ಲಿ ಗಣಿತದ ನೆಲೆಯಲ್ಲಿ ಪ್ರಶ್ನಿಸಿದರು. ಆ ಪ್ರಶ್ನೆಗೆ ತೂಕವಿದೆ ಎಂಬುದು ನನ್ನ ನಿಲುವು. ಕುರುಹು ಹುಲಿಯ ಇರವನ್ನು ಹೇಳಬಲ್ಲದು, ಸಂಖ್ಯೆಯನ್ನು ಅಷ್ಟು ಸುಲಭವಾಗಿ ಹೇಳಲಾರದು.

2022ರ ಅಂದಾಜಿನಲ್ಲಿ ಕರ್ನಾಟಕಕ್ಕೆ 563 ಹುಲಿ. ಮುಂದಿನ ಅಂಕಿ ಬಂದಾಗ ಓದುಗರು ಅದರ ಕನಿಷ್ಠ, ಗರಿಷ್ಠ ಮಿತಿಗಳನ್ನೂ ಕೇಳಬೇಕು.